ಎರಡನೇ ಲೋಟ

ವಿಮಾನ ಅಪಘಾತಗಳ ತನಿಖೆ ಕಲಿಸುವ ಆ ಕೇಂದ್ರದಲ್ಲಿ ಅವನಿಗೆ ಎರಡು ಕೆಲಸ. ಹಿಂದಿನ ಅಂಗಳದ ಮುರುಕು ವಿಮಾನಗಳನ್ನು ನೋಡಿಕೊಳ್ಳುವುದು, ಕಲಿಯಲು ಬಂದವರ ಮುಂದೆ ಸಾಕ್ಷಿಯ ಪಾರ್ಟು ಹಾಕುವುದು. "ಹೊಲದಲ್ಲಿದ್ದೆ ಸಾರ್, ಎಡಗಡೆ ಎಂಜಿನ್‌ನಲ್ಲಿ ಹೊಗೆ ನೋಡಿದೆ" ಎಂದು ಒಪ್ಪಿಸಿ ಒಪ್ಪಿಸಿಯೇ ಹನ್ನೊಂದು ವರ್ಷ ಕಳೆದಿತ್ತು. ಎಲ್ಲರ ಬಾಯಲ್ಲೂ ಅವನು ಬರೀ 'ಸಾಕ್ಷಿ'.

ಆರು ವಾರಕ್ಕೊಂದು ಬ್ಯಾಚು ಬರುತ್ತಿತ್ತು, ಗ್ರೂಪ್ ಫೋಟೋ ತೆಗೆಸಿಕೊಂಡು ಹೋಗುತ್ತಿತ್ತು. ಒಂಟಿತನ ಅವನಿಗೆ ಅಭ್ಯಾಸವಾಗಿದೆ ಎಂದು ಜನ ಅಂದುಕೊಂಡಿದ್ದರು. ಅಭ್ಯಾಸವೂ ಇಲ್ಲ, ಮಣ್ಣೂ ಇಲ್ಲ.

ಭಾನುವಾರ ಮಾತ್ರ ಅಕ್ಕನ ಫೋನ್.

"ಊಟ ಆಯ್ತಲ್ವೇನೋ? ಚೆನ್ನಾಗಿದೀಯ ಅಲ್ವಾ?"

"ಹೂಂ ಅಕ್ಕ."

ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಈ ಸಲದ ಬ್ಯಾಚಿನಲ್ಲಿ ಒಬ್ಬಳು ಬಂದಳು. ಎಂಜಿನ್ ರಿಪೇರಿಯ ಮೆಕ್ಯಾನಿಕ್. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್. ಸಾಕ್ಷಿಯನ್ನು ಮಾತಾಡಿಸುವ ಪಾಠಕ್ಕೆ ಎರಡೇ ನಿಯಮ: ಉತ್ತರವನ್ನು ಅವನ ಬಾಯಿಗೆ ತುರುಕಬಾರದು, ಅವನು ಸುಮ್ಮನಾದರೆ ನೀವೂ ಸುಮ್ಮನಿರಬೇಕು. ಉಳಿದವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

"ಆವತ್ತು ಬೆಳಗ್ಗೆಯಿಂದ ಹೇಳಿ," ಎಂದಳು ಅವಳು. ಪೆನ್ನು ಕೆಳಗಿಟ್ಟು, ಅವನನ್ನೇ ನೋಡುತ್ತ ಕೂತಳು.

ಅಯ್ಯೋ, ಅಷ್ಟು ಹೊತ್ತು ಅವನನ್ನು ಯಾರು ನೋಡಿದ್ದರು! ಪಾಠ ಒಪ್ಪಿಸುವುದೇ ಮರೆತುಹೋಯಿತು.

"ಬೆಳಗ್ಗೆ... ಟೀ ಮಾಡಿದೆ. ಎರಡು ಲೋಟ ಆಗೋಷ್ಟು ಮಾಡ್ಬಿಟ್ಟೆ. ಒಂದು ಚೆಲ್ಲಿದೆ."

ಅವಳು ಕಾದಳು.

"ದಿನಾ ಹಾಗೇ ಆಗತ್ತೆ."

"ಹೊಗೆ ಎಲ್ರೀ, ಹೊಗೆ?" ಹಿಂದಿನಿಂದ ಮೇಷ್ಟ್ರು ಕೂಗಿದರು. ಕ್ಲಾಸೆಲ್ಲ ಗೊಳ್ಳೆಂದಿತು. ಅವಳೊಬ್ಬಳು ನಗಲಿಲ್ಲ.

ಮಾರನೇ ದಿನ ಅಂಗಳಕ್ಕೇ ಬಂದಳು. "ಚೆಲ್ಲೋ ಟೀ ಎಲ್ಲಿದೆ?"

ಅಂದಿನಿಂದ ಅವನು ಒಂದು ದಿನವೂ ಟೀ ಚೆಲ್ಲಲಿಲ್ಲ.

ಕೊನೆಯ ದಿನ ಬ್ಯಾಗು ಹೆಗಲಿಗೇರಿಸಿಕೊಂಡು ಬಂದಳು. ಮುರಿದ ರೆಕ್ಕೆಯ ಪಕ್ಕ ಇಬ್ಬರೂ ನಿಂತರು. ಅವಳು ಕೇಳಲಿ ಎಂದು ಅವನು ಕಾದ. ಅವನೇ ಹೇಳಲಿ ಎಂದು ಅವಳು ಕಾದಳು. ಕಲಿತದ್ದೂ ಅದನ್ನೇ ತಾನೆ! ಗೇಟಿನ ಹತ್ತಿರ ಬಸ್ಸು ಹಾರ್ನ್ ಹೊಡೆಯಿತು. ಇವಳೂ ಹೀಗೇ ಹೋಗಿಬಿಡುತ್ತಾಳೆ ಎಂದುಕೊಂಡ ಅವನು.

"ಹೋಗ್ಲಿ, ನಾನೇ ನಿಯಮ ಮುರೀತೀನಿ," ಎಂದಳು, ಕಣ್ಣಂಚಿನಲ್ಲೇ ನಗುತ್ತ. "ನಾನು ಹೋಗೋದು ನಿಮಗೆ ಇಷ್ಟ ಇಲ್ಲ, ಅಲ್ವಾ?"

"ಹೀಗೆ ಕೇಳಿದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ ಕಣ್ರೀ."

"ಮಾಡ್ಲಿ. ಹೇಳಿ."

"ಹೂಂ," ಎಂದ. "ನೀವಿಲ್ದೆ ನನ್ಗೆ ಆಗಲ್ಲ."

ಅವಳು ಅವನ ಅಂಗೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದಳು. "ಮೂರು ವಾರ. ರಜೆ ಹಾಕಿ ಬರ್ತೀನಿ. ಎರಡು ಲೋಟಕ್ಕೇ ಇಡಿ."

ಬಸ್ಸು ಹೋಯಿತು. ಅಂಗಳ ಎಂದಿಗಿಂತ ದೊಡ್ಡದಾಗಿ ಕಂಡಿತು.

ಭಾನುವಾರ ಫೋನ್ ಬಂತು. "ಊಟ ಆಯ್ತಲ್ವೇನೋ? ಚೆನ್ನಾಗಿದೀಯ ಅಲ್ವಾ?"

"ಇಲ್ಲಕ್ಕ."

ಅಕ್ಕ ಗಾಬರಿಯಾದಳು. "ಏನಾಯ್ತೋ?"

"ಕೂತ್ಕೋ ಅಕ್ಕ," ಎಂದ ಅವನು. "ಬೆಳಗ್ಗೆಯಿಂದ ಹೇಳ್ತೀನಿ."