ಸಂತೆ ಪೆಟ್ಟಿಗೆ

ಸಂತೆಯ ದಿನ ಹೊತ್ತು ಮೂಡಿ ಮಾರುದ್ದ ಬಂದರೂ ಪಂಚಾಕ್ಷರಪ್ಪನ ಜಗಲಿಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಸಂತೇಬೆನ್ನೂರಿನಲ್ಲಿ ಇಷ್ಟು ವರ್ಷ ಲೇವಾದೇವಿ ಮಾಡಿದವನಿಗೆ ಇಂಥ ಅವಮಾನ ಆಗಿದ್ದೇ ಇಲ್ಲ. ಮೊದಲಾದರೆ ಕತ್ತಲು ಹರಿಯುವ ಮುಂಚೆಯೇ ಮೀನಿನವರು, ಮೆಣಸಿನಕಾಯಿಯವರು, ಬಳೆಯವರು ಬಂದು ಕೈಕಟ್ಟಿ ನಿಂತಿರುತ್ತಿದ್ದರು. ಸರಕಿಗೆಂದು ಬೆಳಗ್ಗೆ ತೊಂಬತ್ತು ಕೊಡುವುದು, ಸಂಜೆ ಸಂತೆ ಮುಗಿದ ಮೇಲೆ ನೂರು ಎಣಿಸಿಕೊಳ್ಳುವುದು. ಸಂಜೆ ಕೊಡಲಾಗದವನ ತಕ್ಕಡಿ ಪಂಚಾಕ್ಷರಪ್ಪನ ಮನೆಯೊಳಗೆ ಬರುತ್ತಿತ್ತು. ತಕ್ಕಡಿ ಇಲ್ಲದವಳು ಕಿವಿಯ ಓಲೆ ಬಿಚ್ಚಿಡುತ್ತಿದ್ದಳು. ಇದನ್ನು ಅವನು ಉಪಕಾರ ಅಂತಲೇ ತಿಳಿದಿದ್ದ, ಪುಣ್ಯಾತ್ಮ!

ಅವನ ಹೊಟ್ಟೆಯ ಮೇಲೆ ಹೊಡೆದವನು ಹಗ್ಗ ಮಾರುವ ಓಬಣ್ಣ. ಎರಡು ವರ್ಷದ ಹಿಂದೆ, ಎಪ್ಪತ್ತಾರನೇ ಇಸವಿಯಲ್ಲಿ, ಸಂಜೆಯ ಲೆಕ್ಕಕ್ಕೆ ಹತ್ತು ರೂಪಾಯಿ ಕಡಿಮೆ ಬಿತ್ತೆಂದು ಪಂಚಾಕ್ಷರಪ್ಪ ಅವನ ಹಗ್ಗದ ಹೊರೆಯನ್ನೇ ಒಳಗೆಳೆದುಕೊಂಡಿದ್ದ. ಓಬಣ್ಣ ಅವತ್ತು ಕಾಲು ಹಿಡಿಯಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಜಗಲಿ ಇಳಿದು ಹೋಗಿ ಬಳೆ ಮಾರುವ ತಾಜ್‌ಬೀಯ ಪಕ್ಕ ಕುಳಿತ. ಮುಂದಿನ ತಿಂಗಳು ಒಂದು ಹಳೆಯ ಕಬ್ಬಿಣದ ಪೆಟ್ಟಿಗೆ ತಂದ. ಸಂತೆ ಮುಗಿಯುವ ಹೊತ್ತಿಗೆ ವ್ಯಾಪಾರದವರೆಲ್ಲ ಹುಣಸೆ ಮರದ ಕೆಳಗೆ ಸೇರಿ ಕೈಲಾದಷ್ಟು ಅದರೊಳಗೆ ಹಾಕತೊಡಗಿದರು. ಬೇಕಾದವರಿಗೆ ಅದರಿಂದಲೇ ಸಾಲ. ನೂರಕ್ಕೆ ಒಂದು ರೂಪಾಯಿ ಬಡ್ಡಿ, ಅದೂ ಪೆಟ್ಟಿಗೆಗೇ.

'ನೂರಕ್ಕೆ ಒಂದು ರೂಪಾಯಿ! ಬಡ್ಡಿಯೋ ಭಿಕ್ಷೆಯೋ?' ಎಂದು ಪಂಚಾಕ್ಷರಪ್ಪ ಮೊದಮೊದಲು ನಕ್ಕಿದ್ದ. ಆರು ತಿಂಗಳಲ್ಲಿ ಮಕಾಡೆ ಬೀಳುತ್ತದೆ ಎಂದುಕೊಂಡಿದ್ದ. ಬೀಳಲಿಲ್ಲ. ಹುಣಸೆ ಮರ ಅವನ ಜಗಲಿಗೆ ನೇರ ಎದುರಿಗಿತ್ತು. ಸಂಜೆ ಆ ಜನ ಒಬ್ಬೊಬ್ಬರಾಗಿ ಪೆಟ್ಟಿಗೆಯ ಸುತ್ತ ಕೂರುವುದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ.

ಪೆಟ್ಟಿಗೆ ಕದಿಸಬಹುದಿತ್ತು. ಆದರೆ ಕಳ್ಳತನವಾದರೆ ಜನ ಒಂದಾಗುತ್ತಾರೆ, ಮತ್ತೊಂದು ಪೆಟ್ಟಿಗೆ ತರುತ್ತಾರೆ. ಅವರು ಮತ್ತೆಂದೂ ಒಬ್ಬರನ್ನೊಬ್ಬರು ನಂಬಬಾರದು, ಅದು ಅವನಿಗೆ ಬೇಕಾದದ್ದು. ಜನ ಎಲ್ಲರಿಗಿಂತ ಹೆಚ್ಚು ನಂಬಿದ್ದವನೇ ಎಲ್ಲವನ್ನೂ ಬಾಚಿಕೊಂಡು ಓಡಿಹೋದ ಎಂದಾಗಬೇಕು. ಓಡಿಹೋದವನು ತಿರುಗಿ ಬರಬಾರದು. ಹೀಗೆ ಯೋಚಿಸುತ್ತ ಯೋಚಿಸುತ್ತ ಅವನಿಗೆ ವರ್ಷದ ಮೇಲೆ ಮೊದಲ ಸಲ ಚೆನ್ನಾಗಿ ನಿದ್ದೆ ಬಂತು.

ಅವಸರ ಮಾಡಲಿಲ್ಲ. ಒಂದು ತಿಂಗಳು ಓಬಣ್ಣನ ಜೊತೆ ಸಲಿಗೆ ಬೆಳೆಸಿದ. ಎತ್ತಿಲ್ಲದ ಮನೆಗೆ ಎತ್ತಿನ ಹಗ್ಗ ಕೊಂಡ. ಚೌಕಾಸಿ ಮಾಡಲಿಲ್ಲ. 'ನನಗೂ ವಯಸ್ಸಾಯ್ತು ಮಾರಾಯ, ಈ ಶಾಪದ ದುಡ್ಡು ಸಾಕಾಗಿದೆ' ಎಂದು ನಿಟ್ಟುಸಿರು ಬಿಟ್ಟ. ವಾರಕ್ಕೆ ಎಷ್ಟು ಕೂಡುತ್ತದೆ ಎಂದು ಮಾತಿನ ನಡುವೆ ಕೇಳಿದ. ಎರಡು ಸಾವಿರದ ಮೇಲೆ ಎಂದು ಓಬಣ್ಣ ಮಗುವಿನ ಹಾಗೆ ಹೇಳಿಬಿಟ್ಟ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಜಗಳೂರಿನ ಕಡೆ ಸೊಕ್ಕೆಯಲ್ಲಿ ಗಂಡನ ಮನೆಯಲ್ಲಿದ್ದಳು. ಸೂಳೆಕೆರೆಯ ದಂಡೆಯ ಹಳ್ಳಿಯಲ್ಲಿ ಅವನದು ಒಂಟಿ ಗುಡಿಸಲು. ರಾತ್ರಿ ಬರಲಿಲ್ಲವೆಂದು ಕಾಯುವವರು ಯಾರೂ ಇರಲಿಲ್ಲ.

ಜಗಲಿ ಖಾಲಿ ಬಿದ್ದಿದ್ದ ಆ ಸಂತೆಯ ಸಂಜೆ, ಪೆಟ್ಟಿಗೆಯನ್ನೂ, ಮಾರಾಟವಾಗದೆ ಉಳಿದ ಹಗ್ಗದ ಹೊರೆಯನ್ನೂ ಹೊತ್ತು ಒಬ್ಬನೇ ನಡೆಯುತ್ತಿದ್ದ ಓಬಣ್ಣನನ್ನು ಪಂಚಾಕ್ಷರಪ್ಪ ಊರಾಚೆಯ ತಿರುವಿನಲ್ಲಿ ಮೋಟಾರ್ ಸೈಕಲ್ಲಿಗೆ ಹತ್ತಿಸಿಕೊಂಡ. ಕೆರೆಯ ಏರಿಯ ಮೇಲೆ, ತೂಬಿನ ಹತ್ತಿರ, ಎಲೆ ಅಡಿಕೆ ಹಾಕೋಣ ಎಂದು ನಿಲ್ಲಿಸಿದ. ಅಲ್ಲಿ ನೀರಿನ ಆಳ ಯಾರೂ ಕಂಡವರಿಲ್ಲ. ಮೀನಿನವರ ತೆಪ್ಪಗಳು ಆಗಲೇ ಆಚೆ ದಡಕ್ಕೆ ಹೋಗಿದ್ದವು.

ಓಬಣ್ಣ ಎಲೆಗೆ ಸುಣ್ಣ ಹಚ್ಚುತ್ತ ಸಂಕೋಚದಿಂದ ಹೇಳಿದ, "ಸಾವ್ಕಾರ್ರೇ, ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಈಗೀಗ ನಿಮ್ಮ ವ್ಯಾಪಾರ ಕಮ್ಮಿ ಆಗೈತೆ ಅಂತ ನಂಗೆ ಗೊತ್ತು. ಅಡಚಣೆ ಇದ್ರೆ ಕೇಳಾಕೆ ನಾಚ್ಕೋಬ್ಯಾಡ್ರಿ. ಪೆಟ್ಟಿಗೆ ಎಲ್ರದೂ ಐತೆ. ನಾನು ಜನಕ್ಕೆ ಹೇಳಿ ಕೊಡಿಸ್ತೀನಿ."

ಕೊಲ್ಲಬೇಕೆಂದು ಬಂದ ಪಂಚಾಕ್ಷರಪ್ಪನ ಮನಸ್ಸಿನಲ್ಲಿ ಎಲ್ಲೋ ಒಂದಿಷ್ಟು ಹಿಂಜರಿಕೆ ಉಳಿದಿದ್ದರೆ, ಆ ಮಾತು ಅದನ್ನೂ ಕಳೆಯಿತು. ಇವನು ತನಗೆ ಸಾಲ ಕೊಡಿಸುತ್ತಾನಂತೆ! ಹಗ್ಗದವನು, ತನಗೆ! ಓಬಣ್ಣ ಎಲೆ ಬಾಯಿಗಿಡಲು ತಲೆ ಬಗ್ಗಿಸಿದಾಗ ಹಿಂದಿನಿಂದ ಕಲ್ಲು ಎತ್ತಿ ಹೊಡೆದ. ಅವನು ಕೂಗಲೂ ಇಲ್ಲ. "ಯಾಕ್ರೀ?" ಎಂದ ಅಷ್ಟೆ, ದಾರಿಯಲ್ಲಿ ಎಡವಿದವನ ದನಿಯಲ್ಲಿ. ಎರಡನೆಯ ಏಟಿಗೆ ಅದೂ ನಿಂತಿತು.

ಅವನದೇ ಹೊಸ ಹಗ್ಗದಿಂದ ಅವನ ಸೊಂಟಕ್ಕೆ ಚಪ್ಪಡಿ ಕಟ್ಟಿದ. ಓಬಣ್ಣನ ಹಗ್ಗ ನೀರಿಗೆ ಕೊಳೆಯುವುದಿಲ್ಲ ಎಂಬ ಹೆಸರು ಸುತ್ತಲ ಊರಿಗೆಲ್ಲ ಇತ್ತು. ಆಮೇಲೆ ಪೆಟ್ಟಿಗೆ, ಕಬ್ಬಿಣದ್ದು, ಭಾರವಾಗಿತ್ತು. ಅದನ್ನೆತ್ತಿದಾಗ ಪಂಚಾಕ್ಷರಪ್ಪನ ಕೈ ತಡೆಯಿತು. ಬೀಗ ಒಡೆದು ನೋಡಲೇ ಎಂಬ ಆಸೆ ಬಂತು. ಆದರೆ ಸಿಕ್ಕಿಬಿದ್ದವರೆಲ್ಲ ಇಂಥ ಆಸೆಗೇ ಸಿಕ್ಕಿಬಿದ್ದವರು ಎಂದು ಅವನಿಗೆ ಗೊತ್ತಿತ್ತು. ಮೀನು ನಾರುವ ನೋಟು ಒಂದೇ ಒಂದು ಮನೆಯಲ್ಲಿ ಸಿಕ್ಕರೂ ಕುತ್ತಿಗೆಗೆ ಬರುತ್ತದೆ. ಒಂದು ಪೈಸೆ ಮುಟ್ಟಲಿಲ್ಲ. ಪೆಟ್ಟಿಗೆಯನ್ನೂ ಕಲ್ಲಿಗೆ ಬಿಗಿದು, ಹೆಣದ ಜೊತೆಗೇ ತೂಬಿನ ಪಕ್ಕ ಕೆಡವಿದ. ಜೀವನದಲ್ಲಿ ಮೊದಲ ಸಲ ದುಡ್ಡನ್ನು ಬೇಡವೆಂದಿದ್ದ. ಆ ಹೆಮ್ಮೆಯಲ್ಲಿ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಮರುದಿನ ಹೊನ್ನಾಳಿಗೆ ಹೋಗಿ, ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಹಗ್ಗದ ಹೊರೆಯನ್ನು ಒಂದು ಬೆಂಚಿನ ಕೆಳಗೆ ಬಿಟ್ಟು ಬಂದ. ಅಲ್ಲಿಯ ಸಂತೆಗೆ ಹೋಗುವ ಯಾರಾದರೂ ಓಬಣ್ಣ ಹಾಕುವ ಗಂಟುಗಳನ್ನು ಗುರುತು ಹಿಡಿಯುತ್ತಾರೆ. ಹಿಡಿದರು ಕೂಡ.

ಮುಂದಿನ ಸಂತೆಗೆ ದಫೇದಾರರು ವಿಚಾರಣೆಗೆ ಬಂದರು. ಪಂಚಾಕ್ಷರಪ್ಪ ಅವರನ್ನು ಉಪಚಾರ ಮಾಡಿ ಜಗಲಿಯ ಮೇಲೆ ಕೂರಿಸಿ ಚಹಾ ತರಿಸಿದ. ವ್ಯಾಪಾರದವರೆಲ್ಲ ಅಂಗಳದಲ್ಲಿ ನೆರೆದಿದ್ದರು. ಎಷ್ಟೋ ಸಂತೆಗಳ ನಂತರ ಆ ಅಂಗಳ ತುಂಬಿತ್ತು. ತಾಜ್‌ಬೀ ನೆಲದ ಮೇಲೆ ಕುಸಿದು ಕುಳಿತು, "ಎಂಥಾ ಮನ್ಷ ಇದ್ದ, ಎಲ್ಲಿ ಹೋದ್ನೋ ಅಣ್ಣ" ಎಂದು ಎದೆ ಬಡಿದುಕೊಂಡು ಅಳುತ್ತಿದ್ದಳು. ಆ ಅಳು ಪಂಚಾಕ್ಷರಪ್ಪನಿಗೆ ಚೆನ್ನಾಗಿ ಪರಿಚಯದ್ದು. ಓಲೆ ಬಿಚ್ಚಿಟ್ಟ ಹೆಂಗಸರು ಅವನ ಮುಂದೆ ಹೀಗೇ ಅಳುತ್ತಿದ್ದರು. ದುಡ್ಡು ಹೋದವರ ಅಳು ಎಂದುಕೊಂಡ. ಅವನ ಎದೆ ತಂಪಾಯಿತು.

ಕಾದಿಟ್ಟುಕೊಂಡಿದ್ದ ಮಾತನ್ನು ಈಗ ಹೊರಗೆ ತೆಗೆದ. ಸುಳ್ಳಿಗೆ ಕೈಕಾಲು ಇರಬೇಕು, ನೋಡಿದವರಿಗೆ ನಡೆದಾಡಬೇಕು. ಅದಕ್ಕೇ ಒಂದೊಂದು ವಿವರವನ್ನೂ ಅವನು ಮನಸ್ಸಿನಲ್ಲಿ ಹತ್ತು ಸಲ ತಿರುವಿ ಹಾಕಿದ್ದ.

"ಹೇಳಬಾರ್ದು ಅಂತಿದ್ದೆ ದಫೇದಾರ್ರೇ, ಏನ್ ಮಾಡಾಕಾಗುತ್ತೆ, ಬಡವರ ದುಡ್ಡು" ಎಂದು ಶಲ್ಯದಿಂದ ಕಣ್ಣೊರೆಸಿಕೊಂಡ. "ಹೋದ ಸಂತೆ ದಿನ ಇನ್ನೇನು ದೀಪ ಹಚ್ಚಬೇಕು, ಅಷ್ಟೊತ್ತಿಗೆ ಓಬಣ್ಣ ಹಿತ್ತಿಲ ಬಾಗ್ಲಿಗೆ ಬಂದ. ಪೆಟ್ಟಿಗೆ ನನ್ನ ಮುಂದೇನೇ ತೆಗೆದ. ಒಂದು ರೂಪಾಯಿ, ಎರಡು ರೂಪಾಯಿ ನೋಟು, ಚಿಲ್ಲರೆ, ಎರಡು ಸಾವಿರದ ಮುನ್ನೂರು ಐತೆ, ನೂರರ ನೋಟು ಮಾಡಿಕೊಡ್ರಿ ಅಂದ. ಬ್ಯಾಂಕಿಗೆ ಕಟ್ಟಾಕೆ ಅಂದ್ಕಂಡು ಕೊಟ್ಟೆ. ಹೊನ್ನಾಳಿ ದಾರಿ ಹಿಡಿದು ಹೋದ. ನನ್ ಕಣ್ಣಾರೆ ನೋಡಿದೀನಿ."

ಅಂಗಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಎದುರು ನೋಡಿದ್ದ ಬೈಗುಳ, ಶಾಪ ಯಾವುದೂ ಕೇಳಲಿಲ್ಲ. ಆಘಾತ, ಪಾಪ, ಎಂದುಕೊಂಡ. "ಹೋದದ್ದು ಹೋಯ್ತು. ನಾನಿದೀನಲ್ಲ, ಬೆಳಿಗ್ಗೆ ಬರ್ರಿ" ಎಂದು ದೊಡ್ಡ ಮನಸ್ಸಿನ ದನಿಯಲ್ಲಿ ಸೇರಿಸಿದ.

ತಾಜ್‌ಬೀ ಅಳು ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾವ ದುಡ್ಡು ರೀ ಸಾವ್ಕಾರ್ರೇ?" ಎಂದಳು, ಇನ್ನೂ ಅರ್ಥವಾಗದವಳ ಹಾಗೆ. "ನಾವು ದುಡ್ಡು ಇಟ್ಕೊಳ್ಳೋದೇ ಇಲ್ವಲ್ಲ. ಕೂಡಿದ್ದನ್ನ ಅಲ್ಲೇ ಮರದ ಕೆಳಗೆ ಬೇಕಾದೋರಿಗೆಲ್ಲ ಸಾಲ ಅಂತ ಹಂಚಿಬಿಡ್ತೀವಿ. ಒಂದು ಕಾಸೂ ಉಳಿಸಂಗಿಲ್ಲ, ಅದು ಓಬಣ್ಣ ಮಾಡಿದ ಕಟ್ಟು. ಎಲ್ರ ಮುಂದೆ ಪೆಟ್ಟಿಗೆ ಬೋರಲು ಹಾಕಿ ತೋರ್ಸಿ, ಆಮೇಲೆ ಬೀಗ ಹಾಕ್ತೀವಿ. ಆವತ್ತು ಕೊನೇ ಇಪ್ಪತ್ತು ರೂಪಾಯಿ ನಾನೇ ತಗಂಡೆ. ಖಾಲಿ ಪೆಟ್ಟಿಗೆ ಹೊತ್ಕಂಡು ಹೋದ ಅಣ್ಣ ನಿಮ್ ಹತ್ರ ಎಂಥ ನೋಟು ಬದ್ಲಾಯಿಸ್ಕಂಡ?" ಅಂಗಳದ ತಲೆಗಳೆಲ್ಲ ಒಂದೊಂದಾಗಿ ಜಗಲಿಯ ಕಡೆ ತಿರುಗಿದವು. ಎಷ್ಟು ಕೂಡುತ್ತದೆ ಎಂದು ಕೇಳಿದ್ದ ಪಂಚಾಕ್ಷರಪ್ಪ, ಅದು ರಾತ್ರಿ ಎಲ್ಲಿರುತ್ತದೆ ಎಂದು ಕೇಳಿರಲಿಲ್ಲ. ದುಡ್ಡು ಎಂದ ಮೇಲೆ ಅದು ಯಾರದೋ ಬೀಗದೊಳಗೆ ಇದ್ದೇ ಇರುತ್ತದೆ ಎಂಬುದರಲ್ಲಿ ಅವನಿಗೆ ಹುಟ್ಟಿದಾಗಿನಿಂದ ಅನುಮಾನವೇ ಬಂದಿರಲಿಲ್ಲ. ದಫೇದಾರರು ಚಹಾದ ಲೋಟವನ್ನು ಕುಡಿಯದೆ ಕೆಳಗಿಟ್ಟು, ಅವನ ಕಡೆ ಪೂರ್ತಿ ತಿರುಗಿ ಕುಳಿತು, "ಸಾವ್ಕಾರ್ರೇ, ಅದನ್ನ ಇನ್ನೊಂದು ಸಲ ಹೇಳ್ರಿ, ಮೊದ್ಲಿಂದ" ಎಂದರು.