ಹೆಸರು ಬೇಡುವ ಗಂಟು

“ಅದಕ್ಕ ಹೆಸರ ಕಟ್ಟಬ್ಯಾಡ್ರಿ, ಸಾಹೇಬ್ರ.”

ಇಂದುಬಾಯಿಯ ಈ ಮಾತಿಗೆ ಇನ್‌ಸ್ಪೆಕ್ಟರ್ ಅಮೋಲ ಗಹಗಹಿಸಿ ನಕ್ಕ. ಪುಣೆಯ ಕ್ರೈಂ ಬ್ರಾಂಚಿನಲ್ಲಿ ಮೆರೆದವನು, ಮೇಲಧಿಕಾರಿಗೆ ಎದುರಾಡಿ ಮಿರಜ ತಾಲೂಕಿನ ಹಳ್ಳಿಗಾಡಿಗೆ ಎತ್ತಂಗಡಿಯಾಗಿ ಬಂದವನು. ನಗದೆ ಇನ್ನೇನು ಮಾಡಿಯಾನು! ಅವರ ಮುಂದೆ ನೆಲದ ಮೇಲೆ ಮುಷ್ಟಿಗಾತ್ರದ ಕರಿಯ ಗಂಟು ಬಿದ್ದಿತ್ತು. ಲಿಂಗನೂರಿನ ಅರಿಸಿನದ ವ್ಯಾಪಾರಿ ಶಿವಲಿಂಗಪ್ಪ, ಇಂದುಬಾಯಿಯ ಗಂಡ, ತನ್ನದೇ ಹಗೇವಿನೊಳಗೆ ಸತ್ತು ಸಿಕ್ಕಾಗ ಅವನ ಮುಷ್ಟಿಯಲ್ಲಿದ್ದದ್ದು ಇದೇ. ನೆಲದಡಿಯ ಆ ಕಣಜದಿಂದ ಇನ್ನೂ ಹಸಿ ಅರಿಸಿನದ ಘಾಟು, ಘಾಟಿನಡಿಯಲ್ಲಿ ಏನೋ ಕೊಳೆತ ವಾಸನೆ ಏಳುತ್ತಿತ್ತು.

“ಅಂಗಡಿ ಬಾಗಲಾಗ ಬಿದ್ದಿತ್ತು. ನಮ್ಮನಿಯವರು ಅರಿಷಿಣದ ನಮೂನಿ ಅಂತ ತಿಳದು, ರೂಢಿಯಂಗ ಚೀಟಿ ಕಟ್ಟಿ ತಮ್ಮ ಹೆಸರ ಬರದ್ರು. ಅವರ ಜೀವ ಹ್ವಾದ ದಿನ ಚೀಟಿ ತಾನ ಸುಟ್ಟು ಬೂದಿ ಆತು. ಈಗ ಅದು ಖಾಲಿ ಐತಿ. ಹಸದೈತಿ.”

“ಮಾವಶಿ, ಹನ್ನೊಂದು ಖೂನಿನ ಕೇಸ್ ಬಿಡಿಸೇನಿ ನಾ,” ಎಂದ ಅಮೋಲ, ಮಾಧವನಗರದ ತಾಯಿಯಿಂದ ಕಲಿತ ಕನ್ನಡದಲ್ಲಿ. “ಒಂದ್ರಾಗೂ ಭೂತ ಆರೋಪಿ ಇರಲಿಲ್ಲ.”

ಜಪ್ತಿ ಮಾಡಿದ ಮಾಲಿಗೆ ಚೀಟಿ ಕಟ್ಟಬೇಕು, ಚೀಟಿಯ ಮೇಲೆ ವಶಕ್ಕೆ ಪಡೆದವರ ಹೆಸರು ಒಂದರ ಕೆಳಗೊಂದು ಇರಬೇಕು. ಪೊಲೀಸರ ರೀತಿ ಅದು. ಅವನು ಗಂಟಿಗೆ ದಾರದಿಂದ ಚೀಟಿ ಬಿಗಿದ, ಅರಗು ಕರಗಿಸಿ ಮುದ್ರೆ ಒತ್ತಿದ, ಮೊದಲ ಗೆರೆಯ ಮೇಲೆ ಪೂರ್ತಿ ಹೆಸರು ಬರೆದ. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡ, ಪುಣ್ಯಾತ್ಮ! ಬಾಗಿಲಲ್ಲಿ ನಿಂತಿದ್ದ ಹವಾಲ್ದಾರ ನೇಮಿನಾಥನೂ ಸಾಹೇಬನ ಜೊತೆ ನಕ್ಕ.

ಆ ನಗು ಮೂರು ದಿನವೂ ಬಾಳಲಿಲ್ಲ. ಮೊದಲ ದಿನ ಚಹಾ ಕಹಿಯಾಯಿತು. ಎರಡನೆಯ ದಿನ ಉಗುರಿನ ಬುಡ ಹಳದಿಯಾಯಿತು. ತಿಕ್ಕಿ ತೊಳೆದಷ್ಟೂ ಬಣ್ಣ ಏರಿತು. ಮೂರನೆಯ ದಿನ ಕೆಮ್ಮಿದರೆ ಅಂಗೈ ತುಂಬ ಹಸಿ ಅರಿಸಿನದ ಮುದ್ದೆ. ಮಿರಜದ ಡಾಕ್ಟರು ಎಕ್ಸ್‌ರೇ ನೋಡಿ ಎದೆ ಸ್ವಚ್ಛವಾಗಿದೆ ಎಂದರು. ನೇಮಿನಾಥ ಮನೆಯಿಂದ ಕಷಾಯ ತಂದುಕೊಟ್ಟ. ತನ್ನ ಎಂಟು ತಿಂಗಳ ಮಗಳು ಬ್ರಾಹ್ಮಿ ಅಂಬೆಗಾಲಿಡುವ ಫೋಟೋ ತೋರಿಸಿ ಸಾಹೇಬನನ್ನು ನಗಿಸಲು ನೋಡಿದ.

ಅಮೋಲ ಠಾಣೆಯ ಮಾಲುಕೋಣೆಗೆ ಹೋಗಿ ಗಂಟಿನ ದಾರಕ್ಕೆ ಕತ್ತರಿ ಹಾಕಿದ. ಕತ್ತರಿ ದಾರವನ್ನು ಮುಟ್ಟಿತು. ಅವನ ಕೊರಳಿಂದ ರಕ್ತ ಹನಿಯಿತು. ಕತ್ತರಿ ಕೈಜಾರಿ ಬಿತ್ತು. ಅಂಜಿಕೆ ಎಂದರೇನೆಂದು ಅವನಿಗೆ ಆಗ ಗೊತ್ತಾಯಿತು.

ಲಿಂಗನೂರಿಗೆ ಓಡಿದ. ಇಂದುಬಾಯಿ ಅವನ ಉಗುರು ನೋಡಿದಳು.

“ಕತ್ತರಿಸಾಕ ಬರೂದಿಲ್ರಿ. ಕೆಳಗ ಇನ್ನೊಬ್ರು ತಮ್ಮ ಕೈಲೆ ಹೆಸರ ಬರದ್ರ ಮ್ಯಾಲಿನವರನ್ನ ಬಿಡತೈತಿ.” ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ನಮ್ಮನಿಯವರಿಗೆ ಇದು ಗೊತ್ತಿತ್ತು. ನಾ ಬರೀತೀನಿ ಅಂತ ಪೆನ್ನು ಹಿಡದ್ನಿ. ಕೊಡಲಿಲ್ಲ. ಗಂಟನ್ನ ಮುಷ್ಟ್ಯಾಗ ಹಿಡಕೊಂಡು ಹಗೇವಿಗೆ ಇಳದ್ರು.”

ಠಾಣೆಗೆ ಮರಳುವಷ್ಟರಲ್ಲಿ ಅಮೋಲನ ಮಾತು ಹೋಗಿತ್ತು. ಹೊರಗೆ ಮಧ್ಯಾಹ್ನದ ಬಿಸಿಲು. ಅವನ ಕಣ್ಣಿಗೆ ಕತ್ತಲು. ಗಂಟಲೊಳಗೆ ಯಾರೋ ಹಿಡಿಹಿಡಿಯಾಗಿ ಅರಿಸಿನ ತುಂಬುತ್ತಿದ್ದರು. ಮೇಜಿನ ಮೇಲೆ ಗಂಟು. ಎದುರಿಗೆ ನೇಮಿನಾಥ.

“ಮಾಲು ಲ್ಯಾಬಿಗೆ ಒಯ್ಯಾಕ ನಾ ಹೊಂಟೇನ್ರಿ. ಎರಡನೇ ಗೆರಿ ಮ್ಯಾಲ ಹೆಸರ ಬರೀಲೇನ್ರಿ? ಹೆಂಡ್ತಿ ಬ್ಯಾಡ ಅಂದ್ಲು. ಸಾಹೇಬ್ರ ನಕ್ಕಾರ, ನಾ ಯಾಕ ಅಂಜಬೇಕ ಅಂದೆ.”

ಬೇಡ ಎನ್ನಲು ಮಾತು ಬೇಕಿರಲಿಲ್ಲ. ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಅಮೋಲ ಬೆರಳು ಚಾಚಿ ಗೆರೆ ತೋರಿಸಿದ. ತನ್ನ ಪೆನ್ನನ್ನೇ ಕೊಟ್ಟ.

ನೇಮಿನಾಥ ಬರೆದ. ಉಸಿರು ಬಂತು. ತಣ್ಣಗೆ, ಎದೆತುಂಬ ಬಂತು. ಅಯ್ಯೋ, ಜೀವ ಎಷ್ಟು ರುಚಿ! ಅಮೋಲ ಅಳುತ್ತಲೇ ಉಸಿರೆಳೆದುಕೊಂಡ.

ನೇಮಿನಾಥ ಪೆನ್ನು ಮರಳಿಸಿ, ತನ್ನ ಚಹಾ ಗುಟುಕರಿಸಿ, ಮುಖ ಕಿವುಚಿದ. “ಸಾಹೇಬ್ರ, ಚಹಾ ಯಾಕೋ ಕಹಿ ಆಗೈತ್ರಿ.”

ಚೀಟಿಯಲ್ಲಿ ಇನ್ನೂ ಒಂದು ಗೆರೆ ಖಾಲಿ ಇತ್ತು. ಅಮೋಲ ಅದನ್ನು ನೋಡಿದ. ಪೆನ್ನಿನ ಟೊಪ್ಪಿಗೆ ಮುಚ್ಚಿ ಜೇಬಿಗಿಟ್ಟುಕೊಂಡ.

“ಹಾಲು ಕೆಟ್ಟಿರಬೇಕ,” ಎಂದ.