ಅಜ್ಜಿಯ ಹೊಟ್ಟೆಯಲ್ಲಿದ್ದ ಬೀಗದ ಕೈ

ಆಪರೇಷನ್ನಿನಲ್ಲಿ ರೋಗಿಯ ಹೊಟ್ಟೆಯಿಂದ ತೆಗೆದದ್ದನ್ನು ತೊಳೆದು, ಬಾಟಲಿಗೆ ಹಾಕಿ, ಹೆಸರು ಬರೆದು ಅವರಿಗೇ ಒಪ್ಪಿಸುವುದು ನರ್ಸ್ ಆದ ನನ್ನ ಕೆಲಸ. ಹದಿನೆಂಟು ವರ್ಷಗಳಲ್ಲಿ ಪಿನ್ನು, ಗುಂಡಿ, ಹಲ್ಲಿನ ಸೆಟ್ಟು ಎಲ್ಲ ತೊಳೆದಿದ್ದೇನೆ. ಆ ಮಧ್ಯಾಹ್ನ ಒಬ್ಬ ಅಜ್ಜಿಯ ಹೊಟ್ಟೆಯಿಂದ ಬೀಗದ ಕೈ ಬಂತು. ಮಂಜುಗಡ್ಡೆಯಂತೆ ತಣ್ಣಗಿತ್ತು. ತೊಳೆಯುತ್ತ ನೋಡಿದರೆ ಅದರ ತಲೆ ಸೊಟ್ಟಗಿತ್ತು. ನಮ್ಮ ಮನೆಯ ಬೀಗದ ಕೈಯೇ, ನಮ್ಮ ಯಜಮಾನರು ಕಲ್ಲಿನಿಂದ ಬಡಿದು ಸೊಟ್ಟಗಾದದ್ದು. ನನ್ನ ಬ್ಯಾಗಿನಲ್ಲಿ ಹುಡುಕಿದೆ. ಅದು ಇರಲಿಲ್ಲ.

ಅಜ್ಜಿಗೆ ಎಚ್ಚರವಾದ ಮೇಲೆ ಬಾಟಲಿ ಕೊಡಲು ಹೋದೆ.

“ನಿನ್ನ ಸಾಮಾನು ನಂಗ್ಯಾಕಮ್ಮ,” ಎಂದು ಕಣ್ಣು ಮುಚ್ಚಿಕೊಂಡರು.

ಸಂಜೆ ಅದರಿಂದಲೇ ಬಾಗಿಲು ತೆಗೆದೆ. ಅಡುಗೆ ಮಾಡಿದೆ, ಉಂಡೆ.

ಆ ದಿನ ಬೆಳಿಗ್ಗೆ ಬೀಗ ಹಾಕಿ ಹೊರಟದ್ದೂ ಅದರಿಂದಲೇ. ಹೊಟ್ಟೆಯಲ್ಲಿ ಬೀಗದ ಕೈ ಕಂಡ ಅಜ್ಜಿಯ ಎಕ್ಸ್‌ರೇ ತೆಗೆದು ಮಾತ್ರ ಆಗಲೇ ಮೂರು ದಿನವಾಗಿತ್ತು.